ಎಳೆಗೂಸುಗಳ ಹಾಲುಕಕ್ಕುವಿಕೆ ಮತ್ತು ಆಮ್ಲವ್ಯಾಧಿ

ಆಳಂದ ತಾಲ್ಲೂಕಿನ ಗಡಿಗ್ರಾಮವಾದ ಹಿರೋಳ್ಳಿಯಲ್ಲಾಗಲಿ, ನಾಡಿನ ಬೇರೆಲ್ಲಿಯೇ ಆಗಲಿ, ಕುಡಿದ ಹಾಲನ್ನು ಕಕ್ಕದ ಕೂಸು ವಿರಳ. ಮನೆಯ ಹಿರಿಯರು ಅದನ್ನು ಹೆಗಲಿಗೆ ಹಾಕಿಕೊಂಡು, ಬೆನ್ನು ತಟ್ಟಿ ತೇಗಿಸಿ ಸುಮ್ಮನಾಗುವರು. ಇದನ್ನೇ ಈಗ ಹಲವೆಡೆ ಆಮ್ಲವ್ಯಾಧಿಯೆಂದು ಕರೆದು ಔಷಧ ಕೊಡುವುದುಂಟು. ಈ ಹೆಸರು ಎಷ್ಟರಮಟ್ಟಿಗೆ ಯುಕ್ತವೆಂಬುದನ್ನು ನಾವಿಲ್ಲಿ ವಿಚಾರಿಸುತ್ತೇವೆ.

ಅನ್ನನಾಳವು ಜಠರವನ್ನು ಸೇರುವೆಡೆಯಲ್ಲಿ ಉಂಗುರದಂತಹ ಸ್ನಾಯುವೊಂದಿದೆ. ನುಂಗುವಾಗ ತೆರೆದು ಬಳಿಕ ಮುಚ್ಚಿಕೊಳ್ಳುವುದು ಅದರ ಕೆಲಸ. ನುಂಗದಿದ್ದಾಗಲೂ ಅದು ಆಗಾಗ್ಗೆ ಕ್ಷಣಕಾಲ ಸಡಿಲಗೊಳ್ಳುತ್ತದೆ. ಆಗಲೇ ಹಾಲು ಮೇಲಕ್ಕೆ ಮರಳುವುದು. ಶಿಶುವಿನ ಅನ್ನನಾಳ ಗಿಡ್ಡ, ಆಹಾರವೆಲ್ಲ ದ್ರವ, ದಿನದ ಬಹುಪಾಲು ಮಲಗಿಯೇ ಇರುವುದು. ಮೇಲಾಗಿ ಅದು ತನ್ನ ತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ ಸುಮಾರು 150 ಮಿಲಿಲೀಟರ್ ಹಾಲು ಕುಡಿಯುತ್ತದೆ. 60 ಕಿಲೋಗ್ರಾಂ ತೂಗುವ ಅಧ್ಯಾಪಕರೊಬ್ಬರು ಇದೇ ಲೆಕ್ಕದಲ್ಲಿ ಕುಡಿಯಹೊರಟರೆ 9 ಲೀಟರು ಬೇಕಾದೀತು. ಅವರೂ ಕಕ್ಕದೆ ಇರಲಾರರು. ಈ ಕಕ್ಕುವಿಕೆ ಸುಮಾರು ನಾಲ್ಕನೆಯ ತಿಂಗಳಿನಲ್ಲಿ ಅತ್ಯಧಿಕವಾಗಿದ್ದು, ಕೂಸು ಕೂಡುವುದನ್ನೂ ನಿಲ್ಲುವುದನ್ನೂ ಕಲಿತಂತೆ ಇಳಿಯುತ್ತದೆ. ವರ್ಷ, ಒಂದೂವರೆ ವರ್ಷದೊಳಗೆ ಬಹುತೇಕ ಮಕ್ಕಳಲ್ಲಿ ನಿಂತುಹೋಗುತ್ತದೆ.

ಇನ್ನು ಆಮ್ಲದ ಮಾತು. ಹಾಲು ಜಠರದ ಆಮ್ಲವನ್ನು ಒಂದೆರಡು ಗಂಟೆ ಶಮನಗೊಳಿಸುವುದರಿಂದ, ಕುಡಿದೊಡನೆ ಮರಳಿ ಬಂದುದರಲ್ಲಿ ಆಮ್ಲಾಂಶ ಅತ್ಯಲ್ಪ. ಆಮ್ಲ ತಗ್ಗಿಸುವ ಲ್ಯಾನ್ಸೊಪ್ರಜೋಲ್ ಔಷಧವನ್ನು ಕುರಿತು 2009ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ಇಲ್ಲಿ ಗಮನಾರ್ಹ. ಹಾಲೂಡಿದಾಗ ಅಳುತ್ತಿದ್ದ 162 ಶಿಶುಗಳಲ್ಲಿ ಅರ್ಧಕ್ಕೆ ಔಷಧವನ್ನೂ ಉಳಿದರ್ಧಕ್ಕೆ ಔಷಧಗುಣವಿಲ್ಲದ ಹುಸಿಮದ್ದನ್ನೂ ಕೊಡಲಾಯಿತು. ಅಳು ತಗ್ಗಿದ್ದು ಎರಡು ಗುಂಪಿನಲ್ಲಿಯೂ ಶೇಕಡಾ 54 ಮಕ್ಕಳಲ್ಲಿ! ಆದರೆ ಗಂಭೀರ ತೊಂದರೆಗೊಳಗಾದವರು ಔಷಧ ಪಡೆದವರಲ್ಲಿ 10, ಇನ್ನೊಂದು ಗುಂಪಿನಲ್ಲಿ 2. ಶ್ವಾಸಕೋಶದ ಸೋಂಕು ಅವುಗಳಲ್ಲಿ ಮುಖ್ಯವಾದುದು.

ನಿಜವಾದ ವ್ಯಾಧಿಯೇ ಇಲ್ಲವೆಂದಲ್ಲ. ಅವಧಿಗೆ ಮುನ್ನ ಜನಿಸಿದ ಹಾಗೂ ನರದೌರ್ಬಲ್ಯವುಳ್ಳ ಮಕ್ಕಳಲ್ಲಿ ಅದು ಹೆಚ್ಚು. ಅನ್ನನಾಳ ಹುಣ್ಣಾಗಿದ್ದರೆ ಔಷಧವೂ ಅವಶ್ಯ. ಕಕ್ಕುವ ಕೂಸನ್ನು ಬೋರಲು ಮಲಗಿಸುವ ರೂಢಿಯೊಂದಿದೆ. ನಿದ್ರೆಯಲ್ಲಿ ಹಠಾತ್ ಮರಣದ ಭಯವಿರುವುದರಿಂದ ಅದು ಸಲ್ಲದು, ಅಂಗಾತವೇ ಮಲಗಿಸಬೇಕು.

ಅಂಗನವಾಡಿಯ ತಕ್ಕಡಿಯಲ್ಲಿ ತೂಕ ಏರುತ್ತಿದ್ದು ಕೂಸು ಲವಲವಿಕೆಯಿಂದಿದ್ದರೆ ಎದೆಹಾಲು ಬಿಡಿಸಲು ಕಾರಣವಿಲ್ಲ. ತೂಕ ನಿಂತರೆ, ವಾಂತಿಯಲ್ಲಿ ರಕ್ತ ಕಂಡರೆ ವೈದ್ಯರಿಗೆ ತೋರಿಸತಕ್ಕದ್ದು. ಮೂರರಿಂದ ಆರು ವಾರದ ಕೂಸು ಪ್ರತಿಸಲವೂ ಹಾಲನ್ನು ದೂರಕ್ಕೆ ಚಿಮ್ಮಿಸಿ, ಮತ್ತೆ ಹಸಿದು ಅಳುತ್ತಿದ್ದರೆ ಜಠರದ ಹೊರದ್ವಾರ ಕಿರಿದಾಗಿರಬಹುದು. ಶಸ್ತ್ರಚಿಕಿತ್ಸೆಯಿಂದ ಅದು ಗುಣವಾಗುತ್ತದೆ. ವಾಂತಿ ಹಸಿರಾಗಿದ್ದರೆ ಕರುಳು ಕಟ್ಟಿರುವ ಸಂಭವವುಂಟು. ಆಗ ಬಜೆ ತೇಯುತ್ತ ಕೂಡದೆ, ಕಲಬುರಗಿಗೋ ಸೊಲ್ಲಾಪುರಕ್ಕೋ ಅಂದೇ ಒಯ್ಯಬೇಕು.