ಒಂದು ಕಿವಿಗಲ್ಲು ಸಿಕ್ಕರೆ ಮೀನಿಗೆ ಹೆಸರಿಡಬಹುದಾ?

ಮಧುಗಿರಿ ತಾಲ್ಲೂಕಿನ ಪುರವರದಿಂದ ಮಾತಾಡ್ತಿದ್ದೀನಿ. ಇವತ್ತಿನ ಪ್ರಶ್ನೆ ಇದು: ಮೀನಿಲ್ಲ, ಮೀನಿನ ಮುಳ್ಳೂ ಇಲ್ಲ. ಅದರ ಕಿವಿಯೊಳಗಿದ್ದ, ಸಾಸಿವೆ ಕಾಳಿನಷ್ಟು ಕಲ್ಲು ಮಾತ್ರ ಸಿಕ್ಕಿದೆ. ಅದನ್ನಷ್ಟೇ ಇಟ್ಟುಕೊಂಡು ‘ಇದು ಹೊಸ ಪ್ರಭೇದ’ ಅಂತ ಹೇಳೋಕಾಗುತ್ತಾ?

ಆಗುತ್ತೆ. ಹೈದರಾಬಾದ್ ಕಡೆ ಸಿಕ್ಕ ಕಲ್ಲುಗಳಿಂದ ಹಾಗೆ ಹೇಳಿಯೂ ಇದ್ದಾರೆ.

ಮೊದಲು ಈ ಕಲ್ಲು ಏನು ಅಂತ ನೋಡೋಣ. ಮೂಳೆ ಇರುವ ಮೀನುಗಳ ಒಳಗಿವಿಯಲ್ಲಿ ಮೂರು ಜೊತೆ, ಅಂದ್ರೆ ಆರು ಕಲ್ಲುಗಳಿರುತ್ತವೆ. ಇವು ಕ್ಯಾಲ್ಸಿಯಂ ಕಾರ್ಬೊನೇಟ್‌ನಿಂದ ಆದವು. ಮೀನಿಗೆ ಸದ್ದು ಕೇಳಿಸೋದಕ್ಕೂ, ನೀರಲ್ಲಿ ಸಮತೋಲ ಕಾಯ್ದುಕೊಳ್ಳೋದಕ್ಕೂ ಇವು ಬೇಕು. ಬಿ.ಕಾಂ. ಓದಿದ ನನಗೆ ಇದು ಪಾಸ್‌ಬುಕ್ ಥರ ಕಾಣುತ್ತೆ. ಮೀನು ಬೆಳೆದಂತೆ ಕಲ್ಲಿಗೆ ಪದರದ ಮೇಲೆ ಪದರ ಸೇರುತ್ತೆ. ಮರಿಯ ಕಲ್ಲಲ್ಲಿ ದಿನದ ಲೆಕ್ಕ, ದೊಡ್ಡ ಮೀನಿನ ಕಲ್ಲಲ್ಲಿ ವರ್ಷದ ಲೆಕ್ಕ ಸಿಗುತ್ತೆ.

ಆದರೆ ಹೆಸರಿಡೋಕೆ ವಯಸ್ಸು ಸಾಲದು, ಆಕಾರ ಬೇಕು. ಹೆಚ್ಚಿನ ಮೀನುಗಳಲ್ಲಿ ‘ಸಜಿಟ್ಟಾ’ ಅನ್ನೋ ಜೊತೆಯೇ ದೊಡ್ಡದು. ಅದರ ಒಳಮುಖದಲ್ಲಿ ಒಂದು ಗಾಡಿ ಇರುತ್ತೆ, ‘ಸಲ್ಕಸ್’ ಅಂತಾರೆ. ಆ ಗಾಡಿಯ ಮುಂಭಾಗ ಎಷ್ಟು ಅಗಲ, ಹಿಂಭಾಗ ನೇರವೋ ಬಾಗಿದೆಯೋ, ಕಲ್ಲಿನ ಅಂಚು ಹೇಗಿದೆ, ಉದ್ದಕ್ಕೂ ಎತ್ತರಕ್ಕೂ ಅನುಪಾತ ಎಷ್ಟು ಅನ್ನೋದನ್ನೆಲ್ಲ ಗೊತ್ತಿರುವ ಮೀನುಗಳ ಕಲ್ಲಿನ ಜೊತೆ ಹೋಲಿಸ್ತಾರೆ. ನಮ್ಮ ಕೆರೆಗಳ ಕಾಟ್ಲಾ, ರೋಹು ಜಾತಿಯಲ್ಲಿ ಮಾತ್ರ ಸಜಿಟ್ಟಾ ಸೂಜಿಯಂತೆ ಸಣ್ಣ. ಅಲ್ಲಿ ಬೇರೆ ಜೊತೆಯನ್ನು ನೋಡಬೇಕಾಗುತ್ತೆ.

ಈಗ ಹೈದರಾಬಾದ್ ಕಡೆಯ ಕಥೆಗೆ ಬರೋಣ. ಸುಮಾರು 6.6 ಕೋಟಿ ವರ್ಷದ ಹಿಂದೆ ಡೆಕ್ಕನ್‌ನಲ್ಲಿ ಲಾವಾ ಸರದಿಯ ಮೇಲೆ ಹರೀತಿತ್ತು. ಎರಡು ಹರಿವಿನ ನಡುವಿನ ಬಿಡುವಲ್ಲಿ ಕೆರೆಗಳಾದವು, ಮೀನುಗಳು ಬದುಕಿದವು, ಆಮೇಲೆ ಮತ್ತೆ ಲಾವಾ ಮುಚ್ಚಿತು. ಆ ಕೆರೆಯ ಮಣ್ಣೇ ಇವತ್ತಿನ ‘ಇಂಟರ್‌ಟ್ರ್ಯಾಪಿಯನ್’ ಪದರ. ರಂಗಾಪುರದ ಇಂಥ ಪದರದಿಂದ 1988ರಲ್ಲಿ ಆರ್.ಎಸ್. ರಾಣಾ ಅವರು ಸಿಹಿನೀರಿನ ಮೀನುಗಳ ಕಿವಿಗಲ್ಲುಗಳನ್ನು ವಿವರಿಸಿದರು.

ಕೆಲಸದ ಕ್ರಮ ಸರಳ, ತಾಳ್ಮೆ ಮಾತ್ರ ಬಹಳ ಬೇಕು. ಮಣ್ಣನ್ನು ಒಣಗಿಸಿ, ನೆನೆಸಿ, ಜರಡಿಯಲ್ಲಿ ತೊಳೆದು, ಉಳಿದದ್ದನ್ನು ಸೂಕ್ಷ್ಮದರ್ಶಕದ ಕೆಳಗೆ ಕಾಳು ಕಾಳಾಗಿ ಆರಿಸಬೇಕು. ಪಳೆಯುಳಿಕೆ ಬಿಡಿಸೋಕೆ ಕೆಲವು ಕಡೆ ಆಸಿಡ್ ಬಳಸ್ತಾರೆ. ಇಲ್ಲಿ ಆಸಿಡ್ ಹಾಕಿದರೆ ಮೂಳೆ ಉಳಿದರೂ ಕಿವಿಗಲ್ಲು ಕರಗಿ ಹೋಗುತ್ತೆ.

ಹೊಸ ಪ್ರಭೇದ ಅನ್ನಬೇಕಾದರೆ ಒಂದು ಕಲ್ಲನ್ನು ಮಾದರಿ ಅಂತ ಆರಿಸಿ, ನಂಬರ್ ಕೊಟ್ಟು ಸಂಗ್ರಹಾಲಯದಲ್ಲಿ ಇಡಬೇಕು, ಮುಂದೆ ಯಾರು ಬೇಕಾದರೂ ನೋಡೋ ಹಾಗೆ. ಮೀನು ಯಾವ ಕುಟುಂಬದ್ದು ಅಂತ ಗೊತ್ತು, ಯಾವ ಕುಲ ಅಂತ ಗೊತ್ತಿಲ್ಲ ಅಂದ್ರೆ? ಆಗ ‘ಈ ಕುಟುಂಬದ ಯಾವುದೋ ಒಂದು ಕುಲ’ ಅನ್ನೋ ಅರ್ಥದ ಪದ ಹಾಕಿ, ಮುಂದೆ ಪ್ರಭೇದದ ಹೆಸರು ಸೇರಿಸ್ತಾರೆ. ಕಾಮರ್ಸ್‌ನವರಿಗೆ ಇದು ತಕ್ಷಣ ಅರ್ಥವಾಗುತ್ತೆ: ಸಸ್ಪೆನ್ಸ್ ಅಕೌಂಟ್. ತಲೆಬರಹ ತಿಳಿಯೋವರೆಗೆ ಮೊತ್ತವನ್ನು ಅಲ್ಲಿಡೋದು.

ಅಪಾಯ ಎಲ್ಲಿ? ಮರಿಯ ಕಲ್ಲು, ದೊಡ್ಡ ಮೀನಿನ ಕಲ್ಲು ಒಂದೇ ಥರ ಇರೋದಿಲ್ಲ. ಸವೆದ ಕಲ್ಲು ಇನ್ನೊಂದೇ ಥರ. ಒಂದೇ ಮೀನಿಗೆ ಎರಡು ಹೆಸರು ಬಿದ್ದರೆ ಲೆಕ್ಕ ಉಬ್ಬುತ್ತೆ. ಇದು ಬರೀ ಹೆಸರಿನ ತಂಟೆ ಅಲ್ಲ. ಅದು ಡೈನೋಸಾರ್‌ಗಳು ಅಳಿದ ಕಾಲದ ಆಸುಪಾಸು. ಯಾವ ಮೀನುಗಳು ಹೋದವು, ಯಾವ ಗುಂಪು ಇಲ್ಲಿ ಮೊದಲೇ ಇತ್ತು ಅನ್ನೋದನ್ನು ಈ ಪಟ್ಟಿ ನೋಡಿಯೇ ಹೇಳ್ತಾರೆ. ಪಟ್ಟಿ ತಪ್ಪಿದರೆ ಕಥೆಯೇ ತಪ್ಪುತ್ತೆ.

ಅದಕ್ಕೇ 2008ರಲ್ಲಿ ಬೆಲ್ಜಿಯಂನ ಡಿರ್ಕ್ ನೋಲ್ಫ್, ರಾಣಾ ಮತ್ತು ಜಿ.ವಿ.ಆರ್. ಪ್ರಸಾದ್ ಸೇರಿ ಡೆಕ್ಕನ್ನಿನ ಕಿವಿಗಲ್ಲುಗಳ ಮರುಪರಿಶೀಲನೆ ಪ್ರಕಟಿಸಿದರು. ಮೊದಲು ವಿವರಿಸಿದವರೇ ಆಡಿಟ್‌ಗೂ ಕೂತರು ನೋಡಿ. ಮಾದರಿ ಕಲ್ಲುಗಳನ್ನು ಜೋಪಾನವಾಗಿ ಇಟ್ಟಿದ್ದರೆ ಮಾತ್ರ ಇಂಥ ಆಡಿಟ್ ಸಾಧ್ಯ.

‘ನಮ್ಮ ಮಧುಗಿರಿ ಬೆಟ್ಟದಲ್ಲೂ ಸಿಗುತ್ತಾ?’ ಅಂತ ಕೇಳೋರಿಗೆ ಉತ್ತರ: ಇಲ್ಲ. ಆ ಬಂಡೆಗೆ ಸುಮಾರು 250 ಕೋಟಿ ವರ್ಷ. ಮೀನುಗಳು ಹುಟ್ಟಿದ್ದು ಅದಾಗಿ ಎಷ್ಟೋ ಕಾಲದ ಮೇಲೆ. ಕರ್ನಾಟಕದಲ್ಲಿ ಹುಡುಕೋದಾದರೆ ಯಾದಗಿರಿ ಜಿಲ್ಲೆಯ ಗುರುಮಠಕಲ್ ಕಡೆ ಹೋಗಬೇಕು. ಅಲ್ಲಿ ಇಂಟರ್‌ಟ್ರ್ಯಾಪಿಯನ್ ಪದರಗಳಿವೆ, ಸಿಹಿನೀರಿನ ಸಣ್ಣ ಚಿಪ್ಪುಜೀವಿಗಳು ಅವುಗಳಿಂದ ವರದಿಯಾಗಿವೆ. ಆ ಕಡೆ ಬಾವಿ, ರಸ್ತೆ ಅಂತ ಅಗೆದಾಗ ಕಪ್ಪು ಬಂಡೆಗಳ ನಡುವೆ ಮಣ್ಣಿನ ತೆಳು ಪಟ್ಟಿ ಕಂಡರೆ, ಹತ್ತಿರದ ಕಾಲೇಜಿನ ಭೂವಿಜ್ಞಾನ ವಿಭಾಗಕ್ಕೆ ಒಂದು ಮಾತು ತಿಳಿಸಿ.

ಇವತ್ತಿಗೆ ಇಷ್ಟು. ಮುಂದಿನ ಸಂಚಿಕೆಯಲ್ಲಿ ಸಿಗೋಣ.