ಪೊಟ್ಟಣದೊಳಗಿನ ಅಪಾಯ

ಮೆಣಸಿನಕಾಳಿನ ಗಾತ್ರದ ಆಯಸ್ಕಾಂತದ ಗುಂಡುಗಳನ್ನು ಒಂದಕ್ಕೊಂದು ಜೋಡಿಸಿ ಬಗೆಬಗೆಯ ಆಕೃತಿಗಳನ್ನು ಮಾಡುವುದು ಮಕ್ಕಳಿಗೆ ಬಲು ಮೋಜಿನ ಆಟ. ಆದರೆ ಮಗುವೊಂದು ಅಂತಹ ಎರಡು ಗುಂಡುಗಳನ್ನು ಬೇರೆಬೇರೆ ಹೊತ್ತಿನಲ್ಲಿ ನುಂಗಿತೆನ್ನಿ. ಕರುಳಿನ ಬೇರೆಬೇರೆ ಸುರುಳಿಗಳನ್ನು ಸೇರಿದ ಅವು ಒಂದನ್ನೊಂದು ಸೆಳೆಯುತ್ತವೆ. ನಡುವೆ ಸಿಕ್ಕಿದ ಕರುಳಿನ ಗೋಡೆಗೆ ರಕ್ತಸಂಚಾರ ನಿಂತು ಅಲ್ಲಿ ರಂಧ್ರವಾಗುತ್ತದೆ. ಶಸ್ತ್ರಚಿಕಿತ್ಸೆ ತಡವಾದರೆ ಪ್ರಾಣಕ್ಕೇ ಸಂಚಕಾರ. ಆದುದರಿಂದಲೇ ನುಂಗಬಹುದಾದಷ್ಟು ಸಣ್ಣದಾದ ಆಯಸ್ಕಾಂತ ಆಟಿಕೆಯಲ್ಲಿದ್ದರೆ ಅದರ ಶಕ್ತಿ ಗೊತ್ತಾದ ಮಿತಿಯನ್ನು ಮೀರಬಾರದೆಂದು ಯೂರೋಪಿನ ದೇಶಗಳಲ್ಲಿ ಕಟ್ಟಳೆಯಿದೆ. ಕಟ್ಟಳೆಯೇನೋ ಇದೆ. ಸಾವಿರಾರು ಮೈಲಿಗಳಾಚೆಯಿಂದ ನೇರವಾಗಿ ಮನೆಯ ಬಾಗಿಲಿಗೆ ಬಂದಿಳಿಯುವ ಆಟಿಕೆಯ ಮೇಲೆ ಅದನ್ನು ಜಾರಿಗೊಳಿಸುವವರು ಯಾರು?

ಹಿಂದೆ ಈ ಪ್ರಶ್ನೆಗೆ ಉತ್ತರ ಕಷ್ಟವಾಗಿರಲಿಲ್ಲ. ಪರದೇಶದ ಸರಕು ರಾಶಿರಾಶಿಯಾಗಿ ಹಡಗಿನಲ್ಲಿ ಬಂದರಿಗೆ ಬರುತ್ತಿತ್ತು. ಈಗಲೂ ಬಹಳಷ್ಟು ಹಾಗೆಯೇ ಬರುತ್ತದೆ. ಅದನ್ನು ತರಿಸಿಕೊಳ್ಳುವ ಆಮದುಗಾರ, ಅವನಿಂದ ಕೊಳ್ಳುವ ಸಗಟು ವ್ಯಾಪಾರಿ, ಕೊನೆಗೆ ಅಂಗಡಿಯವನು, ಹೀಗೆ ಒಂದು ಸರಪಳಿ. ಸುಂಕದ ಅಧಿಕಾರಿಗಳು ಒಂದು ಪೆಟ್ಟಿಗೆಯನ್ನು ಒಡೆದು ನೋಡಿದರೆ ಅದೇ ಬಗೆಯ ಸಾವಿರ ವಸ್ತುಗಳ ಗುಣ ತಿಳಿಯುತ್ತದೆ. ದೋಷ ಕಂಡರೆ ಆಮದುಗಾರನನ್ನು ಹಿಡಿಯಬಹುದು. ಅವನು ಆ ದೇಶದ ನ್ಯಾಯಾಲಯದ ಕೈಗೆ ಸಿಕ್ಕುವವನು. ಅಂತರಜಾಲದ ಮಾರುಕಟ್ಟೆಯು ಈ ಸರಪಳಿಯ ನಡುವಣ ಕೊಂಡಿಗಳನ್ನು ಕಳಚಿಹಾಕಿತು. ಕೊಳ್ಳುವವನು ತನಗೇ ತಿಳಿಯದೆ ಆಮದುಗಾರನಾದನು.

2024ರಲ್ಲಿ ಯೂರೋಪಿಯನ್ ಒಕ್ಕೂಟದೊಳಕ್ಕೆ 150 ಯೂರೋ ಬೆಲೆಯನ್ನು ಮೀರದ ಸುಮಾರು 460 ಕೋಟಿ ಪೊಟ್ಟಣಗಳು ಬಂದುವು. ಅವುಗಳಲ್ಲಿ ನೂರಕ್ಕೆ 91ರಷ್ಟು ಚೀನಾ ದೇಶದಿಂದ ಬಂದವು. ದಿನವೊಂದಕ್ಕೆ 1.2 ಕೋಟಿ, ಅಂದರೆ ಸೆಕೆಂಡಿಗೆ ಸುಮಾರು 140. ಬೆಲ್ಜಿಯಂ ದೇಶದ ಲಿಯೇಜ್ ನಗರದ ವಿಮಾನ ನಿಲ್ದಾಣ ಇಂತಹ ಪೊಟ್ಟಣಗಳ ದೊಡ್ಡ ಹೆಬ್ಬಾಗಿಲುಗಳಲ್ಲೊಂದು. ಒಂದೊಂದು ಪೊಟ್ಟಣದಲ್ಲಿಯೂ ಬೇರೆಬೇರೆ ವಸ್ತು; ಒಂದನ್ನು ಬಿಚ್ಚಿ ನೋಡಿದರೆ ಮತ್ತೊಂದರ ವಿಷಯ ತಿಳಿಯದು.

ಮಾರುಕಟ್ಟೆಯನ್ನು ನಡೆಸುವ ಸಂಸ್ಥೆಯನ್ನೇ ಹೊಣೆ ಮಾಡಬಾರದೇಕೆ? ಅಮೆರಿಕದಲ್ಲಿ ಈ ವಾದ ಬಹುಕಾಲ ನಡೆಯಿತು. 1972ರ ಶಾಸನದಿಂದ ಹುಟ್ಟಿದ ಅಲ್ಲಿನ ಗ್ರಾಹಕ ವಸ್ತು ಸುರಕ್ಷತಾ ಆಯೋಗವು 2021ರಲ್ಲಿ ಅಮೆಜಾನ್ ಸಂಸ್ಥೆಯ ಮೇಲೆ ದೂರು ಹೂಡಿತು. ವಿಷಾನಿಲವಿದ್ದರೂ ಎಚ್ಚರಿಕೆಯ ಗಂಟೆ ಬಾರಿಸದ ಯಂತ್ರಗಳು, ನೀರಿಗೆ ಬಿದ್ದರೆ ವಿದ್ಯುದಾಘಾತವನ್ನು ತಡೆಯುವ ಏರ್ಪಾಡಿಲ್ಲದ ಕೂದಲೊಣಗಿಸುವ ಸಾಧನಗಳು, ಬೇಗ ಬೆಂಕಿ ಹತ್ತಿಕೊಳ್ಳುವ ಮಕ್ಕಳ ರಾತ್ರಿಯುಡುಪುಗಳು, ಎಲ್ಲ ಸೇರಿ 4 ಲಕ್ಷಕ್ಕೂ ಮೇಲ್ಪಟ್ಟ ವಸ್ತುಗಳ ವ್ಯಾಜ್ಯವಿದು. ಮಾರಿದವರು ಬೇರೆಯವರು, ತಾನು ಸಾಗಿಸಿದವನು ಮಾತ್ರ ಎಂದು ಸಂಸ್ಥೆ ವಾದಿಸಿತು. ಸರಕನ್ನು ತನ್ನ ಉಗ್ರಾಣದಲ್ಲಿಟ್ಟು ತಾನೇ ಕಳುಹಿಸಿಕೊಟ್ಟವನು ವಿತರಕನೇ ಎಂದು 2024ರ ಜುಲೈ ತಿಂಗಳಿನಲ್ಲಿ ಆಯೋಗ ತೀರ್ಪಿತ್ತಿತು. ಮುಂದಿನ ವರ್ಷ ಸಂಸ್ಥೆ ಅದನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋಯಿತು.

ಯೂರೋಪಿಯನ್ ಒಕ್ಕೂಟವು ಹೊಣೆಯನ್ನು ಶಾಸನದಲ್ಲಿಯೇ ಬರೆದಿಟ್ಟಿತು. 2024ರ ಡಿಸೆಂಬರ್ 13ರಿಂದ ಅನ್ವಯವಾದ ಸಾಮಾನ್ಯ ಉತ್ಪನ್ನ ಸುರಕ್ಷತಾ ನಿಬಂಧನೆಯಂತೆ, ಹೊರಗಿನ ತಯಾರಕನಿಗೂ ಒಕ್ಕೂಟದೊಳಗೆ ಹೆಸರು ವಿಳಾಸವುಳ್ಳ ಒಬ್ಬ ಜವಾಬ್ದಾರನಿರಬೇಕು. ಅವನಿಲ್ಲದೆ ವಸ್ತು ಮಾರಾಟಕ್ಕೆ ಬರುವಂತಿಲ್ಲ. ಅಪಾಯಕರ ವಸ್ತುವನ್ನು ತೆಗೆಯಿರೆಂದು ಅಧಿಕಾರಿಗಳು ಆಜ್ಞೆ ಮಾಡಿದರೆ ಅಂತರಜಾಲದ ಮಾರುಕಟ್ಟೆಯು ಎರಡು ಕೆಲಸದ ದಿನಗಳೊಳಗೆ ಅದನ್ನು ಪಾಲಿಸಬೇಕು. ಈಗಾಗಲೇ ಕೊಂಡವರಿಗೆ ನೇರವಾಗಿ ಸುದ್ದಿ ಮುಟ್ಟಿಸಬೇಕು. ಆ ಸೂಚನೆಯ ಭಾಷೆಯ ಮೇಲೂ ಶಾಸನ ಕಣ್ಣಿಟ್ಟಿರುವುದು ಮೆಚ್ಚತಕ್ಕ ಮಾತು. “ಸ್ವಇಚ್ಛೆಯಿಂದ”, “ಮುನ್ನೆಚ್ಚರಿಕೆಗಾಗಿ” ಮುಂತಾಗಿ ಅಪಾಯವನ್ನು ಹಗುರಗೊಳಿಸುವ ಮಾತುಗಳನ್ನು ಅದರಲ್ಲಿ ಬಳಸಬಾರದು. ಇಂತಹ ನಯವಾದ ಮಾತನ್ನು ಓದಿದವನು ವಸ್ತುವನ್ನು ಹಿಂದಿರುಗಿಸುವ ಗೋಜಿಗೆ ಹೋಗನು.

ಒಂದು ದೇಶದಲ್ಲಿ ಸಿಕ್ಕಿಬಿದ್ದ ವಸ್ತುವಿನ ಸುದ್ದಿ ಉಳಿದ ದೇಶಗಳಿಗೂ ತಿಳಿಯಲೆಂದು “ಸೇಫ್ಟಿ ಗೇಟ್” ಎಂಬ ವ್ಯವಸ್ಥೆಯಿದೆ. ಸ್ವದೇಶಿ, ವಿದೇಶಿ ಸರಕುಗಳೆರಡನ್ನೂ ಕುರಿತು 2024ರಲ್ಲಿ ಅದಕ್ಕೆ ಬಂದ ಎಚ್ಚರಿಕೆಗಳು 4,137. ಅವುಗಳಲ್ಲಿ ಸೌಂದರ್ಯವರ್ಧಕಗಳಿಗೆ ಮೊದಲ ಸ್ಥಾನ, ಆಟಿಕೆಗಳಿಗೆ ಎರಡನೆಯದು.

ಆದರೂ ತೊಡಕು ತೀರಿಲ್ಲ. ಜವಾಬ್ದಾರನು ಕಾಗದದ ಮೇಲಿನ ಬಾಡಿಗೆಯ ವಿಳಾಸ ಮಾತ್ರವಾಗಿರಬಹುದು. ಇಂದು ತೆಗೆಸಿದ ಆಟಿಕೆ ನಾಳೆ ಬೇರೊಂದು ಹೆಸರಿನಲ್ಲಿ, ಅದೇ ಚಿತ್ರದೊಡನೆ ಕಾಣಿಸಿಕೊಳ್ಳಬಹುದು. ಆದುದರಿಂದ ತಪಾಸಣಾಧಿಕಾರಿಗಳು ತಮ್ಮ ಗುರುತನ್ನು ಮರೆಮಾಡಿ ಸರಕು ಕೊಳ್ಳುವ ಅಧಿಕಾರವನ್ನು ಒಕ್ಕೂಟದ 2019ರ ಶಾಸನವೊಂದು ನೀಡಿದೆ. ಅವರು ಸಾಮಾನ್ಯ ಗಿರಾಕಿಗಳಂತೆ ಹಣ ತೆತ್ತು ಆಟಿಕೆಯನ್ನು ತರಿಸಿಕೊಳ್ಳುತ್ತಾರೆ. ಪೊಟ್ಟಣ ಬಂದ ಮೇಲೆ ಅದನ್ನು ಪ್ರಯೋಗಶಾಲೆಗೆ ಒಯ್ದು, ಆಯಸ್ಕಾಂತದ ಗುಂಡುಗಳನ್ನು ಹೊರತೆಗೆದು ಅವುಗಳ ಶಕ್ತಿಯನ್ನು ಅಳೆಯಿಸುತ್ತಾರೆ.