ಕಾರ್ಖಾನೆಯಿಂದ ಕರಿಹಲಗೆಗೆ

ಮುಂಬಯಿಯಿಂದ ಮದರಾಸಿಗೆ ಹೋಗುವ ರೈಲು ಕಲಬುರಗಿಯನ್ನು ದಾಟಿ ಶಹಾಬಾದಿಗೆ ಬರುತ್ತದೆ. ಮನೆಯ ನೆಲಕ್ಕೆ ಹಾಸುವ ಕಲ್ಲಿಗೆ ತನ್ನ ಹೆಸರನ್ನೇ ಕೊಟ್ಟ ಊರು ಅದು. ಅನಂತರ ವಾಡಿ ಜಂಕ್ಷನ್. ಅಲ್ಲಿ ಹಳಿಗಳು ಕವಲೊಡೆದು, ಒಂದು ದಾರಿ ರಾಯಚೂರಿನ ಕಡೆಗೂ ಇನ್ನೊಂದು ಸಿಕಂದರಾಬಾದಿನ ಕಡೆಗೂ ಸಾಗುತ್ತವೆ. ಎರಡನೆಯ ದಾರಿಯನ್ನು ಹಿಡಿದವರಿಗೆ ಚಿತ್ತಾಪುರ, ಮಳಖೇಡ, ಸೇಡಂ ಒಂದಾದಮೇಲೊಂದು ಎದುರಾಗುತ್ತವೆ. ಸೇಡಮಿಗೆ ಉತ್ತರದಲ್ಲಿರುವ ಚಿಂಚೋಳಿಗೆ ಮಾತ್ರ ರೈಲಿನ ಭಾಗ್ಯವಿಲ್ಲ.

ಈ ಸೀಮೆಯ ನೆಲದಡಿಯ ಸಂಪತ್ತೆಂದರೆ ಸುಣ್ಣದ ಕಲ್ಲು. ಅದನ್ನು ನಂಬಿ ವಾಡಿ, ಮಳಖೇಡ, ಸೇಡಂಗಳಲ್ಲಿ ದೊಡ್ಡ ಸಿಮೆಂಟು ಕಾರ್ಖಾನೆಗಳು ಎದ್ದಿವೆ. ಕಲ್ಲನ್ನು ಪುಡಿಮಾಡಿ, ಜೇಡಿಯನ್ನು ಅಳತೆಯಾಗಿ ಬೆರೆಸಿ, ಸುಮಾರು 1450 ಡಿಗ್ರಿ ಸೆಂಟಿಗ್ರೇಡಿನ ಉರಿಯಲ್ಲಿ ಸುಡುವ ಕೆಲಸ ಹಗಲಿರುಳೂ ನಡೆಯುತ್ತದೆ. ಪ್ರಮಾಣ, ಉಷ್ಣ, ರಾಸಾಯನಿಕ ಕ್ರಿಯೆ—ಇವುಗಳನ್ನು ಬಲ್ಲ ಇಂಜಿನಿಯರುಗಳೂ ರಸಾಯನಶಾಸ್ತ್ರಜ್ಞರೂ ಇಲ್ಲದೆ ಈ ಕಾರ್ಖಾನೆಗಳು ಒಂದು ದಿನವೂ ನಡೆಯಲಾರವು. ಆದರೆ ಇದೇ ಕಲಬುರಗಿ ಜಿಲ್ಲೆ 2025ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ರಾಜ್ಯದ ಕೊನೆಯ ಸ್ಥಾನಕ್ಕೆ ಇಳಿಯಿತು. ದಕ್ಷಿಣ ಕನ್ನಡದಲ್ಲಿ ನೂರಕ್ಕೆ 91.12 ಮಂದಿ ತೇರ್ಗಡೆಯಾದ ಆ ವರ್ಷ ಇಲ್ಲಿ ತೇರ್ಗಡೆಯಾದವರು 42.43 ಮಾತ್ರ. ಬಡತನ, ದುಡಿಮೆಗಾಗಿ ವಲಸೆ, ಮನೆಮಾತು ಬೇರೆ ಶಾಲೆಯ ಮಾತು ಬೇರೆ ಎಂಬ ತೊಡಕು—ಕಾರಣಗಳು ಹಲವು. ಗಣಿತ ಮತ್ತು ವಿಜ್ಞಾನದ ಉಪಾಧ್ಯಾಯರ ಕೊರತೆಯೂ ಅವುಗಳಲ್ಲೊಂದು. ಹಾಗಾದರೆ ಕಾರ್ಖಾನೆಯ ವಿದ್ಯೆಯನ್ನು ಶಾಲೆಗೆ ತರಲಾಗದೆ?

ಮಾನ್ಯಖೇಟದ ಲೆಕ್ಕ

ಗಣಿತಪಾಠವೆಂಬುದು ಈ ನೆಲಕ್ಕೆ ಹೊರಗಿನಿಂದ ಬಂದ ವಸ್ತುವಲ್ಲ. ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ರಚಿಸಿದನು. ಗಣಿತವನ್ನು ಜ್ಯೋತಿಷದ ಒಂದು ಅಧ್ಯಾಯವಾಗಿಸದೆ ಪ್ರತ್ಯೇಕ ಶಾಸ್ತ್ರವಾಗಿ ನಿರೂಪಿಸಿದ ಗ್ರಂಥ ಅದು. ಇಂದಿನ ಮಕ್ಕಳು ‘ಲ.ಸಾ.ಅ.’ ಎಂದು ಕರೆಯುವ ಲಘುತ್ತಮ ಸಾಮಾನ್ಯ ಅಪವರ್ತ್ಯದ ವಿಧಾನವನ್ನು ಭಿನ್ನರಾಶಿಗಳಿಗೆ ಅನ್ವಯಿಸಿ ಆತ ವಿವರಿಸಿದ್ದಾನೆ. 142857143ನ್ನು 7ರಿಂದ ಗುಣಿಸಿದರೆ 1000000001 ಬರುತ್ತದೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇಂಥ ಸಂಖ್ಯೆಗಳನ್ನು ಆತ ಕೊರಳ ಹಾರಕ್ಕೆ ಹೋಲಿಸಿದನು. ಬೇಸರದ ಗುಣಾಕಾರವನ್ನು ಬೆರಗಾಗಿ ಮಾರ್ಪಡಿಸುವ ಈ ಜಾಣ್ಮೆ ಉಪಾಧ್ಯಾಯನದು. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಈ ಗ್ರಂಥವನ್ನು ತೆಲುಗಿಗೆ ತಂದನು, 1912ರಲ್ಲಿ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದ ಮದರಾಸಿನಲ್ಲಿ ಪ್ರಕಟವಾಯಿತು.

ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಘಟಿಕಾಸ್ಥಾನವಿತ್ತು. ಅಲ್ಲಿನ ವಿದ್ಯಾರ್ಥಿಗಳು, ಅಧ್ಯಾಪಕರು, ಗ್ರಂಥಗಳನ್ನು ಕಾಯುವ ಸರಸ್ವತೀ ಭಂಡಾರಿಗರು, ಇವರೆಲ್ಲರ ನಿರ್ವಹಣೆಗೆ ಬಿಟ್ಟ ದತ್ತಿಯನ್ನು 1058ರ ಶಾಸನ ಹೇಳುತ್ತದೆ. ಕಲಿಸುವವನ ಜೀವನಕ್ಕೆ ಏರ್ಪಾಡು ಮಾಡದೆ ಕಲಿಕೆ ನಿಲ್ಲದೆಂಬುದನ್ನು ಅಂದಿನವರು ಅರಿತಿದ್ದರು.

ಅಮೆರಿಕದಲ್ಲೊಂದು ಪ್ರಯೋಗ

ಇದೇ ಅರಿವು 2005ರಲ್ಲಿ ಅಮೆರಿಕದ ಐ.ಬಿ.ಎಂ. ಕಂಪೆನಿಯ ಯೋಜನೆಯೊಂದರಲ್ಲಿ ಕಾಣಿಸಿಕೊಂಡಿತು. ಗಣಿತ, ವಿಜ್ಞಾನಗಳನ್ನು ಬಲ್ಲ ಹಳೆಯ ನೌಕರರು ಶಾಲಾ ಉಪಾಧ್ಯಾಯರಾಗಲು ಬಯಸಿದರೆ, ಶಿಕ್ಷಕ ತರಬೇತಿಯ ವೆಚ್ಚಕ್ಕಾಗಿ ತಲಾ 15,000 ಡಾಲರುಗಳವರೆಗೆ ಕೊಡುವುದಾಗಿ ಅದು ಸಾರಿತು. ಮೊದಲ ತಂಡಕ್ಕೆ ನೂರು ಮಂದಿಯ ಗುರಿ. ಕೆಲಸದಲ್ಲಿದ್ದುಕೊಂಡೇ ಓದಬಹುದು, ತರಗತಿಯಲ್ಲಿ ಪಾಠಮಾಡಿ ಅಭ್ಯಾಸ ಪಡೆಯಲು ರಜೆಯೂ ಉಂಟು. ಇಂಗ್ಲೆಂಡಿನಲ್ಲಿ ಲೂಸಿ ಕೆಲವೇ ಎಂಬ ಪತ್ರಕರ್ತೆ 2016ರಲ್ಲಿ ‘ನೌ ಟೀಚ್’ ಎಂಬ ಸಂಸ್ಥೆಯನ್ನು ಜೊತೆಗೂಡಿ ಸ್ಥಾಪಿಸಿ, ತಾವೇ ಪತ್ರಿಕೆಯನ್ನು ಬಿಟ್ಟು ಗಣಿತದ ಉಪಾಧ್ಯಾಯಿನಿಯಾದರು.

ತರಬೇತಿಗೆ ಇಷ್ಟು ಮಹತ್ವವೇಕೆ? ವಿಷಯ ಬಲ್ಲವನಿಗೆ ಕಲಿಸುವುದು ಸಹಜವಾಗಿ ಬಾರದೆ? ಒಂದು ಸಣ್ಣ ಲೆಕ್ಕವನ್ನು ನೋಡಿ. ಅರ್ಧವನ್ನು ಕಾಲಿನಿಂದ ಭಾಗಿಸಿದರೆ ಎರಡು. ಇಂಜಿನಿಯರು ಛೇದವನ್ನು ಮೇಲೆ ಮಾಡಿ ಗುಣಿಸಿ ಕ್ಷಣದಲ್ಲಿ ಉತ್ತರ ಹೇಳುತ್ತಾನೆ. ‘ಭಾಗಿಸಿದರೆ ಸಂಖ್ಯೆ ಚಿಕ್ಕದಾಗಬೇಕಲ್ಲವೆ, ದೊಡ್ಡದಾದುದು ಹೇಗೆ?’ ಎಂದು ಆರನೆಯ ತರಗತಿಯ ಹುಡುಗಿ ಕೇಳಿದರೆ, ನಿಯಮವನ್ನು ಮತ್ತೊಮ್ಮೆ ಹೇಳುವುದರ ಹೊರತು ಅವನಿಗೆ ದಾರಿ ತೋರದು. ನುರಿತ ಉಪಾಧ್ಯಾಯನು ಜೋಳದ ರೊಟ್ಟಿಯೊಂದನ್ನು ಎರಡು ಮಾಡಿ, ‘ಈ ಅರ್ಧದಲ್ಲಿ ಕಾಲು ರೊಟ್ಟಿಗಳು ಎಷ್ಟಿವೆ?’ ಎಂದು ಕೇಳುತ್ತಾನೆ. ಉತ್ತರವನ್ನು ಹುಡುಗಿಯೇ ಕಂಡುಕೊಳ್ಳುತ್ತಾಳೆ. ಸುಣ್ಣದ ಕಲ್ಲು ರಾಶಿಯಾಗಿ ಬಿದ್ದ ಮಾತ್ರಕ್ಕೆ ಸಿಮೆಂಟಾಗುವುದಿಲ್ಲವಷ್ಟೆ.

ಭಾಷೆಯ ಪ್ರಶ್ನೆಯೂ ಇದೆ. ಇಂಜಿನಿಯರು ಕಲಿತದ್ದು ಇಂಗ್ಲಿಷಿನಲ್ಲಿ. ಈ ಸೀಮೆಯ ಮಕ್ಕಳ ಮನೆಗಳಲ್ಲಿ ಕನ್ನಡದೊಂದಿಗೆ ಉರ್ದು, ತೆಲುಗು, ಲಂಬಾಣಿ ಮಾತುಗಳು ಕೇಳಿಬರುತ್ತವೆ. ಅವರ ಮುಂದೆ ನಿಲ್ಲುವವನು ತನ್ನ ಶಾಸ್ತ್ರವನ್ನು ಇನ್ನೊಮ್ಮೆ, ಕನ್ನಡದಲ್ಲಿ, ಕಲಿಯಬೇಕಾಗುತ್ತದೆ.

ತೆರೆದ ಬಾಗಿಲು

ನಮ್ಮ ರಾಜ್ಯದಲ್ಲಿ ಬಾಗಿಲು ತೆರೆದದ್ದು 2022ರಲ್ಲಿ. ಆ ವರ್ಷ ನೇಮಕಾತಿಯ ನಿಯಮಗಳನ್ನು ತಿದ್ದಿ, ಬಿ.ಎಡ್. ಮಾಡಿ ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾದ ಇಂಜಿನಿಯರಿಂಗ್ ಪದವೀಧರರೂ 6ರಿಂದ 8ನೆಯ ತರಗತಿಗಳ ಗಣಿತ, ವಿಜ್ಞಾನ ಬೋಧನೆಗೆ ಅರ್ಜಿ ಹಾಕಬಹುದೆಂದು ಸರ್ಕಾರ ವಿಧಿಸಿತು. ಒಟ್ಟು 15,000 ಸ್ಥಾನಗಳು. ಅವುಗಳಲ್ಲಿ 5,000 ಕಲ್ಯಾಣ ಕರ್ನಾಟಕಕ್ಕೇ ಮೀಸಲು. ನವೆಂಬರಿನಲ್ಲಿ ಹೊರಬಿದ್ದ ತಾತ್ಕಾಲಿಕ ಪಟ್ಟಿಯಲ್ಲಿ ಇದ್ದವು 13,363 ಹೆಸರುಗಳು. ಅಂದರೆ ಸ್ಥಾನಗಳೇ ತುಂಬಲಿಲ್ಲ. ಆ ಪಟ್ಟಿಯಲ್ಲಿದ್ದ ಇಂಜಿನಿಯರುಗಳ ಸಂಖ್ಯೆ ಐವತ್ತನ್ನೂ ಮುಟ್ಟಲಿಲ್ಲ.

ಬಾಗಿಲು ತೆರೆದರೂ ಜನ ಬಾರದಿರಲು ಕಾರಣವನ್ನು ಮಧ್ಯಮವರ್ಗದ ಯಾವ ಮನೆಯಲ್ಲಿ ಬೇಕಾದರೂ ಊಹಿಸಬಹುದು. ಬಿ.ಎಡ್. ಅವಧಿ 2015ರಲ್ಲಿ ಎರಡು ವರ್ಷಕ್ಕೆ ಏರಿತು. ಅಷ್ಟು ಕಾಲ ಸಂಬಳವಿಲ್ಲದೆ, ಮನೆಯ ಸಾಲದ ಕಂತು, ಮಕ್ಕಳ ಶುಲ್ಕ, ವೃದ್ಧರ ಔಷಧಗಳನ್ನು ಯಾರು ನೋಡಿಕೊಳ್ಳಬೇಕು? ಅನಂತರವೂ ಕೆಲಸ ಸಿಕ್ಕೇ ಸಿಗುತ್ತದೆಂಬ ಭರವಸೆಯಿಲ್ಲ. ಮನಸ್ಸಿದ್ದವನ ಹೆಜ್ಜೆಯೂ ಇಲ್ಲಿ ಹಿಂಜರಿಯುತ್ತದೆ. ಐ.ಬಿ.ಎಂ. ಕಟ್ಟಲು ಹೊರಟದ್ದು ಈ ಕಂದಕದ ಮೇಲಿನ ಸೇತುವೆಯನ್ನೇ.

ಸೇತುವೆ ಕಟ್ಟುವವರು ಯಾರು?

ಕೈಗಾರಿಕೆಯ ಹಣ ಶಿಕ್ಷಣಕ್ಕೆ ಬರುತ್ತಿಲ್ಲವೆಂದಲ್ಲ. ವಿಪ್ರೋ ಸಂಸ್ಥೆಯನ್ನು ಬೆಳೆಸಿದ ಅಜೀಂ ಪ್ರೇಮ್‌ಜಿಯವರು 2000ದಲ್ಲಿ ಸ್ಥಾಪಿಸಿದ ಪ್ರತಿಷ್ಠಾನವು ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ ಸರ್ಕಾರಿ ಶಾಲೆಗಳ ಉಪಾಧ್ಯಾಯರೊಂದಿಗೇ ದುಡಿದಿದೆ. ಕೈಯಲ್ಲಿರುವ ಉಪಾಧ್ಯಾಯನ ಬಲವನ್ನು ಹೆಚ್ಚಿಸುವ ಮಾರ್ಗ ಅದು. ಇನ್ನು 2013ರ ಕಂಪೆನಿ ಕಾಯಿದೆಯಂತೆ ದೊಡ್ಡ ಕಂಪೆನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ನೂರಕ್ಕೆ ಎರಡರಷ್ಟನ್ನು ಸಮಾಜಕಾರ್ಯಕ್ಕೆ ವಿನಿಯೋಗಿಸಬೇಕು. ಶಿಕ್ಷಣವೂ ಅದರಲ್ಲಿ ಸೇರಿದೆ. ಆದರೆ ಅದರ ನಿಯಮಗಳಲ್ಲಿ, ಕಂಪೆನಿಯ ನೌಕರರ ಹಿತಕ್ಕಾಗಿ ನಡೆಸುವ ಕಾರ್ಯಗಳು ಈ ಲೆಕ್ಕಕ್ಕೆ ಸೇರವು ಎಂಬ ಷರತ್ತೊಂದುಂಟು. ದುರುಪಯೋಗವನ್ನು ತಡೆಯಲು ಹಾಕಿದ ನ್ಯಾಯವಾದ ಬೇಲಿ. ಆದರೂ ನೌಕರನನ್ನು ಉಪಾಧ್ಯಾಯನನ್ನಾಗಿ ಮಾಡಿ ಸರ್ಕಾರಿ ಶಾಲೆಗೆ ಕಳುಹಿಸುವ ಖರ್ಚು ನೌಕರನ ಹಿತವೋ ಸಮಾಜದ ಹಿತವೋ ಎಂಬ ಸಂದೇಹ ಆ ಬೇಲಿಯ ಬಳಿ ಏಳದಿರದು. ಗೋಡೆಗೆ ಬಣ್ಣ ಬಳಿಸುವುದು, ಬೆಂಚುಗಳನ್ನು ಕೊಡುವುದು ಇದಕ್ಕಿಂತ ಸುಲಭ, ಲೆಕ್ಕಪತ್ರದಲ್ಲಿ ಸ್ಪಷ್ಟ.

ಇದರಿಂದ ಎಲ್ಲ ಕೊರತೆಯೂ ನೀಗೀತೆಂದು ಯಾರೂ ಭ್ರಮಿಸಬೇಕಾಗಿಲ್ಲ. ಸಾವಿರಾರು ಸ್ಥಾನಗಳ ಎದುರು ನೂರು ಇಂಜಿನಿಯರುಗಳು ಅತ್ಯಲ್ಪ. ಆದರೆ ಶಾಲೆಯ ಲೆಕ್ಕವೇ ಬೇರೆ. ಚಿಂಚೋಳಿಯ ಒಂದು ಹಳ್ಳಿಗೆ ಒಬ್ಬ ಗಣಿತದ ಉಪಾಧ್ಯಾಯ ಬಂದು ಹತ್ತು ವರ್ಷ ನಿಂತರೆ, ಆ ಹಳ್ಳಿಯ ಹತ್ತು ತಂಡಗಳ ಮಕ್ಕಳು ಭಿನ್ನರಾಶಿಗೆ ಅಂಜದೆ ಪ್ರೌಢಶಾಲೆಗೆ ಹೋಗುತ್ತಾರೆ. ಅವರಲ್ಲೊಬ್ಬಳು ಇಂಜಿನಿಯರಾಗಬಹುದು. ಅವಳು ತನ್ನ ಊರಿನ ಸುತ್ತಲಿನ ಕಾರ್ಖಾನೆಗೆ ಕೂಲಿಯಾಗಿ ಹೋಗಬೇಕೋ, ಪ್ರಯೋಗಶಾಲೆಯ ಮುಖ್ಯಸ್ಥೆಯಾಗಿ ಹೋಗಬೇಕೋ ಎಂಬುದು ನಿಶ್ಚಯವಾಗುವುದು ಆರು, ಏಳು, ಎಂಟನೆಯ ತರಗತಿಗಳಲ್ಲಿ. ಆ ಮೂರು ವರ್ಷ ಅವಳ ಕರಿಹಲಗೆಯ ಮುಂದೆ ಯಾರಾದರೂ ನಿಂತಿರಬೇಕು.